ಅಂಚು ಹೇಳುವ ಸತ್ಯ: ರೋಮನ್ ಕಂಚಿನ ನಾಣ್ಯಗಳ ನಿಜ–ಖೋಟಾ

ಸೊಲ್ಲಾಪುರದ ಉತ್ತರಕ್ಕೆ, ತೇರಣಾ ನದಿಯ ದಂಡೆಯ ಮೇಲಿರುವ ತೇರ ಗ್ರಾಮವೇ ಪ್ರಾಚೀನರ ತಗರ. ಈ ಪಟ್ಟಣ ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಹಾದಿಯಲ್ಲಿದೆ, ಇಲ್ಲಿಂದ ಬಟ್ಟೆ ಗಾಡಿಗಳಲ್ಲಿ ಭರೂಚ್ ಬಂದರಿಗೆ ಸಾಗುತ್ತದೆ ಎಂದು ಒಂದನೆಯ ಶತಮಾನದ ಗ್ರೀಕ್ ಗ್ರಂಥ 'ಪೆರಿಪ್ಲಸ್' ಹೇಳುತ್ತದೆ. ಚಾದರದ ಊರಿನವರಿಗೆ ಇದು ಅಪರಿಚಿತ ಸುದ್ದಿಯೇನಲ್ಲ. ತೇರದಲ್ಲಿ ರೋಮನ್ ನಾಣ್ಯವನ್ನು ನೋಡಿ ಜೇಡಿಮಣ್ಣಿನಲ್ಲಿ ಮಾಡಿದ ಬಿಲ್ಲೆಗಳೂ ದೊರೆತಿವೆ. ಅವುಗಳನ್ನು ಆಭರಣವಾಗಿ ಧರಿಸುತ್ತಿದ್ದರು. ಇವು ನಕಲುಗಳು ಹೌದು, ಆದರೆ ಯಾರನ್ನೂ ವಂಚಿಸಲು ಹುಟ್ಟಿದವಲ್ಲ. ಕರೂರು, ಮದುರೈ ಹಾಗೂ ಶ್ರೀಲಂಕೆಯಲ್ಲಿ ರೋಮಿನ ಕೊನೆಗಾಲದ ಪುಟ್ಟ ಕಂಚಿನ ನಾಣ್ಯಗಳು ಸಿಕ್ಕಿವೆ. ಶ್ರೀಲಂಕೆಯಲ್ಲಂತೂ ಅವುಗಳ ಸ್ಥಳೀಯ ಅನುಕರಣೆಗಳೇ ಚಲಾವಣೆಯಲ್ಲಿದ್ದವು.

ಇಂದು ಮೊಬೈಲಿನ ಪರದೆಯ ಮೇಲೆ ಮಾರಾಟಕ್ಕೆ ಬರುವ ಖೋಟಾ ನಾಣ್ಯದ ಮಾತೇ ಬೇರೆ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದ ಕಂಚಿನ ಕಾಸುಗಳು ಜಗತ್ತಿನ ಪೇಟೆಯಲ್ಲಿ ದುಬಾರಿಯಲ್ಲ. ಅಗ್ಗದ ವಸ್ತುವನ್ನು ಯಾರು ನಕಲು ಮಾಡಿಯಾರು ಎಂಬ ನಂಬಿಕೆಯೇ ಮಾರುವವನಿಗೆ ಬಂಡವಾಳ.

ಪರೀಕ್ಷೆಯನ್ನು ಅಂಚಿನಿಂದ ಆರಂಭಿಸಬೇಕು. ಅಸಲಿ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆದ್ದರಿಂದ ಅಂಚು ಕೆಲವೊಮ್ಮೆ ಸೀಳಿರುತ್ತದೆ, ಚಿತ್ರ ನಡುವಿನಿಂದ ಸರಿದಿರುತ್ತದೆ, ಅಕ್ಷರ ಅರ್ಧ ಹೊರಗುಳಿದಿರುತ್ತದೆ. ಎರಕ ಹೊಯ್ದ ಖೋಟಾದಲ್ಲಿ ಅಂಚಿನ ಸುತ್ತ ಸಣ್ಣ ಗೆರೆ, ಇಲ್ಲವೇ ಆ ಗೆರೆಯನ್ನು ಅಳಿಸಿದ ಅರದ ಗೀರು ಉಳಿಯುತ್ತದೆ. ಭೂತಗನ್ನಡಿ ಹಿಡಿದರೆ ಗಾಳಿಗುಳ್ಳೆಗಳು ಬಿಟ್ಟ ಸೂಜಿಮೊನೆಯಷ್ಟು ಗುಳಿಗಳೂ ಕರಗಿದಂತಿರುವ ಅಕ್ಷರಗಳೂ ಕಾಣುತ್ತವೆ. ಮಾರುವವನು ಎರಡು ಮುಖಗಳ ಚಿತ್ರವನ್ನು ಮಾತ್ರ ತೋರಿಸಿ ಅಂಚಿನ ಚಿತ್ರ ಕೊಡಲು ಹಿಂಜರಿದರೆ, ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಕ್ಷೇಮ.

ಅವಳಿಗಳು ಇನ್ನೂ ಬಲವಾದ ಸಾಕ್ಷಿ. ಒಂದೇ ಅಚ್ಚಿನಿಂದ ನೂರು ನಾಣ್ಯ ಬರಬಹುದು; ಆದರೆ ಒಂದೇ ಕಡೆ ಸೀಳಿದ, ಒಂದೇ ಆಕಾರದ, ಒಂದೇ ಗೀರಿನ ಎರಡು ನಾಣ್ಯಗಳು ಬರಲಾರವು. ಬಂದರೆ ಎರಕದ ಬಾಯಿಯಿಂದಲೇ ಬಂದಿರಬೇಕು.

ತೂಕಕ್ಕೆ ಅಕ್ಕಸಾಲಿಗರ ತಕ್ಕಡಿ ಸಾಕು. ಇಬ್ಬರು ಸೈನಿಕರ ನಡುವೆ ಎರಡು ಧ್ವಜಗಳಿರುವ, 330ರಿಂದ 335ರ ಅವಧಿಯ ಕಾಸು ಸುಮಾರು 2.5 ಗ್ರಾಂ, ಅನಂತರದ ಒಂದೇ ಧ್ವಜದ ಕಾಸು ಸುಮಾರು 1.5 ಗ್ರಾಂ. ಕೈಗೆಲಸವಾದ್ದರಿಂದ ಸ್ವಲ್ಪ ಹೆಚ್ಚುಕಡಿಮೆ ಸಹಜ. ಹತ್ತೂ ನಾಣ್ಯಗಳು ಒಂದೇ ತೂಕ ತೂಗಿದರೆ ಅದೇ ಅಸಹಜ. ಇನ್ನು ಕಿಲುಬು: ಶತಮಾನಗಳ ಕಿಲುಬು ಲೋಹದಲ್ಲೇ ಬೇರೂರಿರುತ್ತದೆ. ಹಚ್ಚಿದ ಹಸಿರು ಬಣ್ಣವನ್ನೂ ಅಂಟಿಸಿದ ಮರಳನ್ನೂ ಅಸಿಟೋನ್ ಬಹುಮಟ್ಟಿಗೆ ಬಿಡಿಸುತ್ತದೆ.

ಅಸಲಿಯಾದರೂ ತೊಡಕು ತೀರುವುದಿಲ್ಲ. 1972ರ ಕಾಯ್ದೆಯಂತೆ ನೂರು ವರ್ಷ ಮೀರಿದ ನಾಣ್ಯ ಪ್ರಾಚೀನ ವಸ್ತು. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಹೊಲದ ಮಣ್ಣಿನಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ 1878ರ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಅಕ್ಕಲಕೋಟೆಯ ಕಡೆಯ ಮಕ್ಕಳಿಗೆ ಉಳುವಾಗ ಅಂಥದೊಂದು ಕಾಸು ಸಿಕ್ಕೀತು. ಆಗ ಹುಣಸೆಹಣ್ಣು ಹಚ್ಚಿ ತಿಕ್ಕದೆ, ಸಿಕ್ಕ ಜಾಗ ಮತ್ತು ಆಳವನ್ನು ಕಾಗದದಲ್ಲಿ ಬರೆದು, ಅದೇ ಕಾಗದದಲ್ಲಿ ಕಾಸನ್ನು ಸುತ್ತಿ ಹಿರಿಯರ ಕೈಗೆ ಕೊಡಬೇಕು.