ಆನೆಯ ಮಂಪರು ಮತ್ತು ಕಾವಾಡಿಯ ಕಣ್ಣು

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅನಂತರದ ದಿನಗಳಲ್ಲಿ ಕಂದಕ, ಬೇಲಿಗಳ ಸ್ಥಾನವನ್ನು ಮಂಪರು ಮದ್ದು ಆಕ್ರಮಿಸಿತು. ಸಾಕಾನೆಗಳ ನೆರವಿನಿಂದ ಸುತ್ತುವರಿದ ಕಾಡಾನೆಯತ್ತ ದೂರದಿಂದ ಹಾರಿಸುವ ಸಿರಿಂಜಿನಲ್ಲಿ ಸಾಮಾನ್ಯವಾಗಿ ಇರುವುದು ಕ್ಸೈಲಜೀನ್. ಹಲವು ವೇಳೆ ಅದರೊಡನೆ ಕೆಟಮೀನ್ ಬೆರೆಸುವುದುಂಟು.

1962ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಈ ಔಷಧಿ, ಪ್ರಾಣಿಯನ್ನು ಎಚ್ಚರದಲ್ಲಿಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವು ನರತುದಿಗಳಿಂದ ಹೊರಬರುವುದನ್ನು ತಗ್ಗಿಸುತ್ತದೆ. ಮಂಪರು ಕವಿಯುತ್ತದೆ, ಸ್ನಾಯುಗಳು ಸಡಿಲಗೊಳ್ಳುತ್ತವೆ, ನೋವು ಮಂದವಾಗುತ್ತದೆ. ಅದರೊಡನೆಯೇ ಹೃದಯದ ಬಡಿತವೂ ಉಸಿರಾಟವೂ ಇಳಿಯುತ್ತವೆ. ಕುದುರೆಗೆ ಕೊಡುವ ಪ್ರಮಾಣದ ಹತ್ತನೆಯ ಒಂದು ಭಾಗ ಹಸುವಿಗೆ ಸಾಕು; ಮೀರಿದರೆ ಹೊಟ್ಟೆಯುಬ್ಬರ, ತುಂಬು ಗಬ್ಬದ ಹಸುವಾದರೆ ಕಂದು ಹಾಕುವ ಭಯ. ಮನುಷ್ಯರಿಗಂತೂ ಇದು ಔಷಧಿಯೇ ಅಲ್ಲ. ಅಮೆರಿಕದಲ್ಲಿ ಫೆಂಟನಿಲ್ ಎಂಬ ಮಾದಕಕ್ಕೆ ಇದನ್ನು ಬೆರೆಸುವ ಪಿಡುಗನ್ನು 2023ರಲ್ಲಿ ಅಲ್ಲಿನ ಸರ್ಕಾರ ಹೊಸ ಅಪಾಯವೆಂದು ಘೋಷಿಸಬೇಕಾಯಿತು. ಫೆಂಟನಿಲ್‌ಗೆ ಪ್ರತಿಮದ್ದಾದ ನಲೋಕ್ಸೋನ್ ಕ್ಸೈಲಜೀನಿನ ಮೇಲೆ ಕೆಲಸ ಮಾಡುವುದಿಲ್ಲ.

ಆನೆಗೆ ಕಿಲೋ ತೂಕಕ್ಕೆ ಸುಮಾರು 0.1 ಮಿಲಿಗ್ರಾಂ ಎಂಬುದು ಲೆಕ್ಕ. ಆದರೆ ಕಾಡಾನೆಯನ್ನು ತೂಗುವವರಾರು? ಇಲ್ಲಿ ಒದಗುವುದು ಮಾವುತರ ಹಳೆಯ ಅಳತೆ: ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಭುಜದ ಎತ್ತರ. ಹೆಜ್ಜೆ ನಾಲ್ಕೂವರೆ ಅಡಿಯಾದರೆ ಆನೆ ಒಂಬತ್ತು ಅಡಿ. ಅದರಿಂದ ತೂಕದ ಅಂದಾಜು, ಅಂದಾಜಿನಿಂದ ಮದ್ದು.

ಸಿರಿಂಜು ನಾಟಿದ ಮೇಲೆ ಮದ್ದು ಏರಲು ಹತ್ತಿಪ್ಪತ್ತು ನಿಮಿಷ ಬೇಕು. ಕಿವಿಯ ಬೀಸು ನಿಧಾನವಾಗುವುದು, ಸೊಂಡಿಲು ಜೋತುಬೀಳುವುದು, ಗೊರಕೆ ಕೇಳಿಸುವುದು, ಇವನ್ನು ಓದಬಲ್ಲವರು ಕಾವಾಡಿಗಳು; ಅವರಲ್ಲಿ ಜೇನುಕುರುಬರು ಅನೇಕರು. ಇದನ್ನು ಸಹಾಯಕರ ಕೈಚಳಕವೆಂದಷ್ಟೇ ಎಣಿಸುವುದು ತಪ್ಪು. ಮಂಪರಿನಲ್ಲಿರುವಂತೆ ಕಾಣುವ ಆನೆ ಒಂದು ಸದ್ದಿಗೆ ಎಚ್ಚೆತ್ತು ಎರಗಬಲ್ಲದು. ಎದೆಯೂರಿ ಕುಸಿದರೆ ತನ್ನ ಭಾರಕ್ಕೆ ತಾನೇ ಉಸಿರುಗಟ್ಟುತ್ತದೆ. ಒಡನೆ ಪಕ್ಕಕ್ಕೆ ಉರುಳಿಸಬೇಕು. ಮದ್ದು ಏರುವ ಮುನ್ನಿನ ಗಳಿಗೆಯಂತೂ ಇನ್ನೂ ಕಠಿಣ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಯ ಚಿಕಿತ್ಸೆಗೆ ಮಂಪರು ಮದ್ದು ಹಾರಿಸುವ ಕಾರ್ಯಾಚರಣೆಯಲ್ಲಿ ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ನುರಿತ ಗುರಿಕಾರರು ಆ ಆನೆಯ ದಾಳಿಗೆ ಸಿಲುಕಿ ಮೃತಪಟ್ಟರು.

ಮಂಪರನ್ನು ಇಳಿಸುವ ಯೋಹಿಂಬಿನ್ ಮೂಲತಃ ಪಶ್ಚಿಮ ಆಫ್ರಿಕದ ಮರವೊಂದರ ತೊಗಟೆಯ ಸತ್ವ. ಅಲ್ಲಿನ ನಾಟಿವೈದ್ಯಕ್ಕೆ ಬಹುಕಾಲದಿಂದ ಪರಿಚಿತ. ಕಿವಿಯ ರಕ್ತನಾಳಕ್ಕೆ ಅದನ್ನು ಕೊಟ್ಟ ಕೆಲವೇ ನಿಮಿಷಗಳಲ್ಲಿ ಕಿವಿ ಮತ್ತೆ ಬೀಸತೊಡಗುತ್ತದೆ. ಅಷ್ಟರೊಳಗೆ ಕಾಲಿನ ಹಗ್ಗ ಬಿಗಿದಿರಬೇಕು, ಸಾಕಾನೆಗಳು ಎರಡೂ ಪಕ್ಕ ನಿಂತಿರಬೇಕು.