ವರದಿಯಲ್ಲಿ ಅಡಗಿಸಿದ್ದು, ಬೀಗ ಹಾಕಿದ್ದು

ಸಹಕಾರ ಸಂಘಗಳ ಲೆಕ್ಕಪತ್ರ ಈಗ ಬಹುಮಟ್ಟಿಗೆ ಗಣಕಯಂತ್ರಕ್ಕೆ ಏರಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರ 2022ರಲ್ಲಿ ಮಂಜೂರಾತಿ ನೀಡಿದ ಮೇಲಂತೂ ಹಳ್ಳಿಯ ಸೊಸೈಟಿಯಲ್ಲೂ ದಪ್ಪ ಲೆಡ್ಜರ್ ಮೂಲೆ ಸೇರುತ್ತಿದೆ. ಮಣ್ಣಗುಡ್ಡದ ನಮ್ಮ ಕಚೇರಿಗೆ ಬರುವ ಸದಸ್ಯ ಬಾಂಧವರು ಈಚೆಗೆ ಕೇಳುವ ಪ್ರಶ್ನೆಯೊಂದಿದೆ: “ನಮ್ಮ ಸಾಲದ ಬಾಕಿ, ಬ್ಯಾಂಕ್ ಖಾತೆ ನಂಬ್ರ ವರದಿಯಲ್ಲಿ ಕಾಣದಂತೆ ಅಡಗಿಸಿದ್ದೇವೆ ಎನ್ನುತ್ತಾರೆ. ಅಷ್ಟು ಸಾಕೇ?” ಸಾಕಾಗದು ಎಂಬುದೇ ನಮ್ಮ ಉತ್ತರ.

ಪವರ್ ಬಿಐಯಂತಹ ವರದಿ ತಂತ್ರಾಂಶದಲ್ಲಿ ನಮ್ಮ ಕಣ್ಣಿಗೆ ಬೀಳುವ ಪಟ್ಟಿ, ನಕ್ಷೆಗಳ ಹಿಂದೆ ಡೇಟಾ ಮಾಡೆಲ್ ಎಂಬುದೊಂದಿರುತ್ತದೆ. ಸದಸ್ಯರ ಕೋಷ್ಟಕ, ಖರೀದಿಯ ಕೋಷ್ಟಕ, ಸಾಲದ ಕೋಷ್ಟಕ, ಇವನ್ನು ಒಂದಕ್ಕೊಂದು ಜೋಡಿಸುವ ಕ್ರಮಸಂಖ್ಯೆಗಳು ಎಲ್ಲವೂ ಅದರಲ್ಲಿವೆ. ಕ್ರಮಸಂಖ್ಯೆಯಿಂದ ಓದುಗನಿಗೇನೂ ಉಪಯೋಗವಿಲ್ಲ. ಅಂತಹ ಕಾಲಮನ್ನು ಅಡಗಿಸಿದರೂ ಜೋಡಣೆ ಕೆಡುವುದಿಲ್ಲ, ಲೆಕ್ಕ ತಪ್ಪುವುದಿಲ್ಲ.

ಅಡಗಿಸುವುದರಿಂದ ದೊಡ್ಡ ಲಾಭವೂ ಉಂಟು. ಒಬ್ಬರಿಂದ 10 ಕಿಲೋ ಚಾಲಿ ಅಡಿಕೆ 400 ರೂಪಾಯಿ ದರದಲ್ಲಿ, ಇನ್ನೊಬ್ಬರಿಂದ 90 ಕಿಲೋ 450 ರೂಪಾಯಿ ದರದಲ್ಲಿ ಖರೀದಿಯಾಯಿತು ಎನ್ನೋಣ. ದರದ ಕಾಲಮ್ ಎದುರಿಗಿದ್ದರೆ ಗುಮಾಸ್ತರು ಅದನ್ನೇ ಎಳೆದು ಸರಾಸರಿ 425 ಎಂದು ಬರೆದುಬಿಡುತ್ತಾರೆ. ತೂಕವನ್ನೂ ಹಿಡಿದರೆ ನಿಜವಾದ ಸರಾಸರಿ 445. ಕಿಲೋ ಒಂದಕ್ಕೆ 20 ರೂಪಾಯಿಯ ವ್ಯತ್ಯಾಸ ಆಡಳಿತ ಮಂಡಳಿಯ ಸಭೆಯಲ್ಲಿ ಸಣ್ಣದಲ್ಲ! ಬರಿಯ ದರವನ್ನು ಅಡಗಿಸಿ, ತೂಕ ಹಿಡಿದು ಮಾಡಿದ ಸರಾಸರಿಯನ್ನಷ್ಟೇ ಎದುರಿಗಿಡುವುದು ಜಾಣತನ. ರೋಬಸ್ಟಾ ಚೆರಿಯ ಲೆಕ್ಕಕ್ಕೂ ಇದೇ ಮಾತು.

ಆದರೆ ಇದೆಲ್ಲ ಅಚ್ಚುಕಟ್ಟಿನ ಏರ್ಪಾಡು, ಕಾವಲಲ್ಲ. ಅಂಗಳದ ಅಡಿಕೆ ರಾಶಿಗೆ ಟಾರ್ಪಾಲು ಹೊದಿಸಿದರೆ ಮಳೆ ತಡೆದೀತು, ಕಳ್ಳನನ್ನು ತಡೆಯದು. ವರದಿ ತಯಾರಿಸುವವರು ‘ವ್ಯೂ ಹಿಡನ್’ ಎಂಬುದನ್ನು ಒತ್ತಿದರೆ ಅಡಗಿಸಿದ ಕಾಲಮ್‌ಗಳು ಮರಳಿ ಕಾಣುತ್ತವೆ. ಕಾಲಮ್‌ನ ಹೆಸರು ಬಲ್ಲವರು, ಮಾಡೆಲ್ ಬಳಸುವ ಅನುಮತಿಯೂ ಇದ್ದರೆ, ಬೇರೆ ಉಪಕರಣದಿಂದಲೂ ಅದನ್ನು ಹೊರತೆಗೆಯಬಲ್ಲರು. ಕೊಯ್ಲಿನ ಹೊತ್ತಿಗೆ ಯಾರ ಸಾಲ ಎಷ್ಟು ಬಾಕಿಯಿದೆ, ಯಾರಿಗೆ ಹಣದ ತುರ್ತಿದೆ ಎಂಬುದು ವ್ಯಾಪಾರಿಗೆ ತಿಳಿದರೆ ಎರಡೆಕರೆ ತೋಟದವನಿಗೆ ಆತ ಹೇಳಿದ್ದೇ ಬೆಲೆ.

ಬೀಗ ಬೇಕಾದಲ್ಲಿ ಬೀಗವನ್ನೇ ಹಾಕತಕ್ಕದ್ದು. ಆಯಾ ಶಾಖೆಯವರಿಗೆ ಆ ಶಾಖೆಯ ಸಾಲುಗಳು ಮಾತ್ರ ಸಿಗುವಂತೆ ಮಾಡುವುದು ಒಂದು ವಿಧ. ಸಾಲದ ಕಾಲಮ್ಮೇ ಆ ಪಾತ್ರದವರ ಪಾಲಿಗೆ ಇಲ್ಲದಂತೆ ಮಾಡುವುದು ಇನ್ನೊಂದು. ಪವರ್ ಬಿಐಯಲ್ಲಿ ಈ ಎರಡೂ ಬೀಗಗಳು ಕೇವಲ ನೋಡುವ ಅಧಿಕಾರವುಳ್ಳವರನ್ನು ಮಾತ್ರ ತಡೆಯುತ್ತವೆ. ತಿದ್ದುವ ಅಧಿಕಾರ ಕೊಟ್ಟವರಿಗೆ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ಆ ಅಧಿಕಾರ ಎಷ್ಟು ಮಂದಿಗಿದೆ ಎಂದು ಸದಸ್ಯರು ಮಹಾಸಭೆಯಲ್ಲಿ ಧಾರಾಳವಾಗಿ ಕೇಳಬಹುದು.

ಬ್ಯಾಂಕ್ ಖಾತೆ, ಆಧಾರ್ ನಂಬ್ರಗಳ ಬಗ್ಗೆ ನಮ್ಮ ಅಭಿಪ್ರಾಯ ಇನ್ನೂ ಸರಳ. ಖರೀದಿಯ ವರದಿಗೆ ಅವು ಬೇಕಾಗಿಯೇ ಇಲ್ಲ; ಮಾಡೆಲ್‌ಗೆ ತುಂಬಿಸದಿದ್ದರಾಯಿತು. ಉಳಿದದ್ದಕ್ಕೆ ಬೀಗ ಬಿದ್ದಿದೆಯೇ ಎಂದು ನೋಡಲು ‘ವ್ಯೂ ಆ್ಯಸ್’ ಎಂಬ ಸೌಲಭ್ಯವಿದೆ. ಕಾರ್ಯದರ್ಶಿಯವರು ಅದರ ಮೂಲಕ ಗುಮಾಸ್ತರ ಪಾತ್ರದಲ್ಲಿ ವರದಿ ತೆರೆದು ನೋಡಲಿ. ಐದು ನಿಮಿಷದ ಕೆಲಸ.