ಕಡಲ ಹೂವಿಗೆ ಗಾಯವಾದಾಗ

ಶಿಕಾರಿಪುರದಲ್ಲಿ ನೀರಿಗೇನೂ ಕೊರತೆಯಿಲ್ಲ. ಊರಲ್ಲೇ ಹುಚ್ಚರಾಯನ ಕೆರೆ ಇದೆ, ಸ್ವಲ್ಪ ದೂರ ಹೋದರೆ ಅಂಜನಾಪುರ ಜಲಾಶಯ. ಆದರೆ ಕಡಲು ನೋಡಬೇಕೆಂದರೆ ಘಟ್ಟ ಇಳಿದು ಹೊನ್ನಾವರಕ್ಕೋ ಮುರ್ಡೇಶ್ವರಕ್ಕೋ ಹೋಗಬೇಕು. ಹಾಗಾಗಿ ನಮ್ಮನೆ ಹಾಲ್‌ನಲ್ಲಿ 200 ಲೀಟರ್ ಕಡಲಿದೆ ಅಂದರೆ ಕ್ಲಾಸ್‌ಮೇಟ್‌ಗಳು ನಗುತ್ತಾರೆ.

ವರ್ಕ್ ಫ್ರಂ ಹೋಮ್ ದಿನಗಳಲ್ಲಿ ಅಣ್ಣ ಜೋಡಿಸಿದ ಉಪ್ಪುನೀರಿನ ಅಕ್ವೇರಿಯಂ ಅದು. ಆಫೀಸ್ ಮತ್ತೆ ಶುರುವಾಗಿ ಅವನು ಬೆಂಗಳೂರಿಗೆ ಹೋದ ಮೇಲೆ ನನ್ನ ಪಾಲಿಗೆ ಬಂತು. ಅದರಲ್ಲಿ ಹವಳ ಇಲ್ಲ. ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಮನೆಯಲ್ಲಿ ಸಾಕುವಂತಿಲ್ಲ. ಇರುವುದು ಸಿಮೆಂಟಿನ ಕಲ್ಲುಗಳು, ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು ಮತ್ತು ಅವು ಅಡಗಿ ಕೂರುವ ಒಂದು ಸೀ ಅನಿಮೋನ್. ಕಡಲ ಹೂವು ಅನ್ನಿ. ಹೂವಿನಂತೆ ಕಂಡರೂ ಅದು ಪ್ರಾಣಿ. ಮೂಳೆ ಇಲ್ಲ, ಮಿದುಳಿಲ್ಲ. ನಡುವೆ ಒಂದು ಬಾಯಿ, ಸುತ್ತಲೂ ಕುಟುಕುವ ಕರಬಳ್ಳಿಗಳು, ಕೆಳಗೆ ಕಲ್ಲು ಹಿಡಿದು ಕೂರುವ ಒಂದು ಪಾದ. ಜಾಗ ಹಿಡಿಸದಿದ್ದರೆ ಆ ಪಾದದ ಮೇಲೇ ಮೆಲ್ಲಗೆ ಜಾರುತ್ತಾ ಬೇರೆ ಕಡೆ ಹೊರಡುತ್ತದೆ.

ಕಳೆದ ಮಳೆಗಾಲದ ಒಂದು ರಾತ್ರಿ ಅದೇ ಆಯಿತು. ಗಾಳಿಮಳೆಗೆ ಕರೆಂಟ್ ಹೋಗಿ ನೀರಿನ ಹರಿವು ನಿಂತಿತು. ಅನಿಮೋನ್ ಹೊಸ ಜಾಗ ಹುಡುಕುತ್ತಾ ಹೋಗಿ, ಅಲೆ ಎಬ್ಬಿಸುವ ಮೋಟರ್‌ನ ಬಾಯಿಗೆ ಅಂಟಿಕೊಂಡಿತ್ತು. ಬೆಳಗಿನ ಜಾವ ಕರೆಂಟ್ ಬಂತು, ಮೋಟರ್ ತಿರುಗಿತು. ನಾನು ಎದ್ದು ನೋಡುವಾಗ ಕಾಲು ಭಾಗ ಕರಬಳ್ಳಿಗಳು ಚಿಂದಿಯಾಗಿದ್ದವು, ಪಾದದ ಅಂಚು ಹರಿದಿತ್ತು.

ಮೊದಲು ಪ್ಲಗ್ ತೆಗೆದೆ. ಎಳೆದರೆ ಗಾಯ ದೊಡ್ಡದಾಗುತ್ತದೆ. ಅದು ತಾನಾಗಿ ಹಿಡಿತ ಬಿಡುವವರೆಗೆ ಒಂದು ಗಂಟೆ ಕಾದು, ಗ್ಲೌಸ್ ಹಾಕಿಕೊಂಡು, ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲ್ಲಿಟ್ಟು ಅಲ್ಲಿ ಕೂರಿಸಿದೆ. ಗ್ಲೌಸ್ ಬರೀ ಶೋಕಿಗಲ್ಲ. ಫ್ರೆಂಚ್ ವಿಜ್ಞಾನಿ ಶಾರ್ಲ್ ರಿಷೆ ಅನಾಫಿಲ್ಯಾಕ್ಸಿಸ್ ಎಂಬ ಪ್ರಾಣಾಂತಕ ಅಲರ್ಜಿಯನ್ನು ಗುರುತಿಸಿದ್ದು ಅನಿಮೋನ್‌ನ ವಿಷವನ್ನು ನಾಯಿಗಳ ಮೇಲೆ ಪ್ರಯೋಗಿಸಿದಾಗ. ಆ ಕೆಲಸಕ್ಕೆ ಅವರಿಗೆ 1913ರಲ್ಲಿ ನೊಬೆಲ್ ಬಂತು.

ಇಷ್ಟಾದ ಮೇಲೆ ಅನಿಮೋನ್‌ಗೆ ನೇರವಾಗಿ ಮಾಡುವುದು ಏನೂ ಇರಲಿಲ್ಲ. ಹೊಲಿಗೆ ಇಲ್ಲ, ಮುಲಾಮು ಇಲ್ಲ. ಅಮ್ಮನಿಗೆ ತಡೆಯಲಿಲ್ಲ. "ಪಾಪ ಕಣೇ, ಸುಸ್ತಾಗಿರತ್ತೆ, ಏನಾದ್ರೂ ತಿನ್ಸು" ಅಂದಳು. ಗಾಯವಾದ ಅನಿಮೋನ್ ತಿಂದದ್ದನ್ನು ಅರಗಿಸಿಕೊಳ್ಳಲಾರದೆ ಉಗುಳುತ್ತದೆ, ಅದು ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ. ಅದರ ಮೈಯೊಳಗೇ ಸೂಕ್ಷ್ಮ ಪಾಚಿಗಳಿವೆ, ಬೆಳಕು ಸಿಕ್ಕರೆ ಅವೇ ಆಹಾರ ತಯಾರಿಸಿ ಕೊಡುತ್ತವೆ. ಹಾಗಾಗಿ ಲೈಟ್ ಹಾಕಿಟ್ಟು, ಊಟ ನಿಲ್ಲಿಸಿದೆ.

ಆರೈಕೆ ಬೇಕಿದ್ದದ್ದು ನೀರಿಗೆ. ದಿನಾ ರಾತ್ರಿ 20 ಲೀಟರ್ ಆರ್‌ಒ ನೀರಿಗೆ ಸುಮಾರು 700 ಗ್ರಾಂ ಅಕ್ವೇರಿಯಂ ಉಪ್ಪು ಕಲೆಸಿಡುವುದು, ಬೆಳಿಗ್ಗೆ ಹರಿದ ಚೂರು, ಲೋಳೆಯನ್ನೆಲ್ಲ ಪೈಪಿನಲ್ಲಿ ಹೀರಿ ತೆಗೆದು ಹೊಸ ನೀರು ಸೇರಿಸುವುದು, ಅಮೋನಿಯಾ ಟೆಸ್ಟ್ ಮಾಡಿ ಶಿವಮೊಗ್ಗದ ಬಸ್ ಹಿಡಿಯುವುದು. ಇಂಟರ್ನಲ್ಸ್ ಬೇರೆ ನಡೆಯುತ್ತಿತ್ತು.

ನಾಲ್ಕನೇ ದಿನ ಅದು ಮುದುಡಿ ನಿಂಬೆಹಣ್ಣಿನಷ್ಟಾಯಿತು, ಬಾಯಿ ಅರ್ಧ ತೆರೆದಿತ್ತು. ಅಣ್ಣ ಫೋನಿನಲ್ಲಿ "ತೆಗೆದುಬಿಡು ಪುಟ್ಟಿ, ಮೀನೂ ಹೋಗ್ತಾವೆ" ಅಂದ. ಅವನ ಮಾತು ಸುಳ್ಳಲ್ಲ. ಸತ್ತ ಅನಿಮೋನ್ ಒಂದೇ ರಾತ್ರಿಯಲ್ಲಿ ಕರಗಿ ಇಡೀ ಟ್ಯಾಂಕನ್ನು ವಿಷ ಮಾಡಬಲ್ಲದು. ಬದುಕಿರುವುದನ್ನು ಎಸೆಯುವುದೋ, ಎರಡು ಮೀನುಗಳನ್ನು ಪಣಕ್ಕಿಡುವುದೋ? ಬುಟ್ಟಿಯ ಹತ್ತಿರದ ನೀರನ್ನು ಲೋಟದಲ್ಲಿ ತೆಗೆದು ಮೂಸಿದೆ. ಸತ್ತಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರಬೇಕು, ಬರಲಿಲ್ಲ. ಅಮೋನಿಯಾ ಸೊನ್ನೆ ತೋರಿಸಿತು. ಎರಡೆರಡು ಗಂಟೆಗೊಮ್ಮೆ ಮೂಸಿ ನೋಡು ಅಂತ ಅಮ್ಮನಿಗೆ ಹೇಳಿ ಪರೀಕ್ಷೆಗೆ ಹೋದೆ. ಸಂಜೆ ಬರುವಷ್ಟರಲ್ಲಿ ಬಾಯಿ ಮುಚ್ಚಿತ್ತು. ಆರನೇ ದಿನ ಪಾದ ಕಲ್ಲನ್ನು ಗಟ್ಟಿಯಾಗಿ ಹಿಡಿಯಿತು.

ಧೈರ್ಯ ಮಾಡಲು ಕಾರಣವೂ ಇತ್ತು. ನಮ್ಮದು ಬಬಲ್ ಟಿಪ್ ಎಂಬ ಜಾತಿ, ತಾನೇ ಸೀಳಿಕೊಂಡು ಎರಡಾಗುವಂಥದ್ದು. ಅಣ್ಣನ ಗೆಳೆಯನ ಟ್ಯಾಂಕಿನಲ್ಲಿ ಹಾಗೆ ಒಡೆದ ಒಂದು ಪಾಲೇ ನಮ್ಮ ಮನೆಗೆ ಬಂದದ್ದು. ಸ್ಕಾಟ್ಲೆಂಡಿನ ಜಾನ್ ಡಾಲ್‌ಯೆಲ್ 1828ರಲ್ಲಿ ಕಡಲತೀರದಿಂದ ತಂದು ಸಾಕಿದ ಇನ್ನೊಂದು ಜಾತಿಯ ಅನಿಮೋನ್, 'ಗ್ರ್ಯಾನಿ' ಎಂದೇ ಹೆಸರಾಯಿತು. 1851ರಲ್ಲಿ ಅವರು ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟಿ ಅದು 1887ರವರೆಗೆ ಬದುಕಿತ್ತು. ಮೋಟರ್ ಇಲ್ಲದ ಕಾಲ, ಗಾಜಿನ ಜಾಡಿಯಲ್ಲಿ ಕಡಲ ನೀರು ಬದಲಿಸುತ್ತಲೇ ಅಷ್ಟು ವರ್ಷ ಸಾಕಿದ್ದರು.

ಗಾಯ ಮಾಯುವುದು ಒಂದು, ಮತ್ತೆ ಆಗದಂತೆ ನೋಡಿಕೊಳ್ಳುವುದು ಇನ್ನೊಂದು. ಅದಕ್ಕೆ ಸೊರಬದಿಂದ ಮಾವ ಬಂದರು. ಅಡಿಕೆ ತೋಟಗಳ ಪಂಪ್‌ಸೆಟ್ ರಿಪೇರಿ ಅವರ ಕಸುಬು. ಮೋಟರ್ ನೋಡಿದವರೇ "ಇದಕ್ಕೆ ಫುಟ್‌ವಾಲ್ವ್ ಜಾಲರಿನೇ ಇಲ್ವಲ್ಲೇ" ಅಂದರು. ಕೆರೆಗೆ ಇಳಿಬಿಟ್ಟ ಪೈಪಿನ ಬಾಯಿಗೆ ಕಸಕಡ್ಡಿ ಹೋಗದಂತೆ ಹಾಕುತ್ತಾರಲ್ಲ, ಅದು. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ್ದೂ ಇದನ್ನೇ: ಹರಿಯುವ ನೀರು ಅಷ್ಟೇ ಇದ್ದು ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟಾದರೆ, ವೇಗ ಕಾಲು ಭಾಗಕ್ಕಿಳಿಯುತ್ತದೆ. ಆಗ ಅನಿಮೋನ್ ಹತ್ತಿರ ಬಂದರೂ ಎಳೆತ ಕಡಿಮೆ. ಮಾವ ತಂದಿದ್ದ ತಾಮ್ರದ ಜಾಲರಿ ಮಾತ್ರ ಬೇಡವೆಂದೆ. ತಾಮ್ರ ಕರಗಿದರೆ ಅನಿಮೋನ್‌ಗೆ ವಿಷ. ಪ್ಲಾಸ್ಟಿಕ್ ಜಾಲರಿಯನ್ನು ಮೋಟರ್‌ನಿಂದ ಬೆರಳಗಲ ದೂರ ನಿಲ್ಲುವಂತೆ ಸುತ್ತಿದೆವು. ಕರೆಂಟ್ ಹೋದರೂ ಹರಿವು ನಿಲ್ಲದಂತೆ ಒಂದು ಬ್ಯಾಟರಿಯನ್ನೂ ಜೋಡಿಸಿಕೊಟ್ಟರು.

ಹರಿದ ಕಡೆ ಈಗ ಅಕ್ಕಿಕಾಳಿನಷ್ಟು ಹೊಸ ಕರಬಳ್ಳಿಗಳು ಮೂಡಿವೆ. ಮೀನುಗಳು ಮತ್ತೆ ಅದರೊಳಗೇ ಮಲಗುತ್ತವೆ. ವಿಡಿಯೊ ನೋಡಿದ ಗೆಳತಿಯರು "ನಾವೂ ಒಂದು ತರೋಣವಾ?" ಅಂತ ಕೇಳುತ್ತಾರೆ. ನಾನು ರೇಟ್ ಹೇಳುವುದಿಲ್ಲ. "ನಿಮ್ಮೂರಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗತ್ತೆ?" ಅಂತ ಕೇಳುತ್ತೇನೆ.